ಚೀಟಿಯ ಮೇಲಿನ ಗುರುತು

ಆಸ್ಪತ್ರೆಯಲ್ಲಿ ರೋಗಿಗೆ ನರಳುವ ಕೆಲಸವಾದರೂ ಇರುತ್ತದೆ. ಅವನ ಜೊತೆಗೆ ಹೋದವನಿಗೆ ಅದೂ ಇಲ್ಲ. ಕಾಫಿ ತರುವುದು, ಔಷಧದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದು, ನೋಡಲು ಬಂದ ನೆಂಟರಿಗೆ ಒಂದೇ ಕಥೆಯನ್ನು ಹತ್ತು ಸಲ ಹೇಳುವುದು, ಇಷ್ಟು ಮುಗಿದ ಮೇಲೆ ಉಳಿಯುವುದು ಗೋಡೆ. ಗೋಡೆಯನ್ನು ಓದುತ್ತಾ ಕೂರಬೇಕು. ‘ಇಲ್ಲಿ ಉಗುಳಬಾರದು’ ಎಂಬಲ್ಲಿಂದ ಮೊದಲು ಮಾಡಿ, ದಾನಿಗಳ ಹೆಸರು ಕೆತ್ತಿದ ಕಲ್ಲು, ನಿಂತುಹೋದ ಗಡಿಯಾರದ ಮೇಲಿನ ಕಂಪೆನಿಯ ಹೆಸರು, ಬೆಂಕಿ ಆರಿಸುವ ಕೆಂಪು ಡಬ್ಬಿಯ ಮೇಲಿನ ತಾರೀಖು, ಎಲ್ಲವೂ ಮೂರು ದಿನದಲ್ಲಿ ಬಾಯಿಪಾಠವಾಗುತ್ತವೆ. ಆಸ್ಪತ್ರೆಗಳನ್ನು ತನಿಖೆ ಮಾಡಲು ಸರ್ಕಾರ ಯಾರು ಯಾರನ್ನೋ ನೇಮಿಸುತ್ತದೆ. ರೋಗಿಯ ಕಡೆಯವನೊಬ್ಬನನ್ನು ನೇಮಿಸಿದ್ದರೆ ಖರ್ಚೂ ಕಡಿಮೆ, ವರದಿಯೂ ನಿಜವಾಗಿರುತ್ತಿತ್ತು.

ಕನ್ಯಾಸ್ತ್ರೀಯರು ನಡೆಸುವ ಒಂದು ಮಿಷನ್ ಆಸ್ಪತ್ರೆಯಲ್ಲಿ ಹೀಗೆ ಹನ್ನೊಂದು ದಿನ ಗೋಡೆ ಓದುವ ಯೋಗ ನನಗೆ ಬಂದಿತ್ತು. ಊರು ಯಾವುದು, ಆಸ್ಪತ್ರೆ ಯಾವುದು ಎಂದು ಓದುಗರು ಕೇಳಬಾರದು. ಕೇಳಿದರೂ ನಾನು ಹೇಳುವವನಲ್ಲ. ಅಲ್ಲಿನ ನಡುಮನೆಯಂಥ ಹಜಾರದಲ್ಲಿ, ಏಸುವಿನ ಪಟದ ಕೆಳಗೆ, ಗಾಜಿನ ಚೌಕಟ್ಟು ಹಾಕಿದ ಒಂದು ದೊಡ್ಡ ಹಲಗೆ ಇತ್ತು. ‘ನಮ್ಮ ದೃಷ್ಟಿ’, ‘ನಮ್ಮ ಧ್ಯೇಯ’, ‘ಮುಂದಿನ ಐದು ವರ್ಷಗಳ ನಮ್ಮ ಗುರಿಗಳು’ ಎಂದು ಮೂರು ಭಾಗ. ಮೇಲೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ, ಕೆಳಗೆ ಕನ್ನಡದಲ್ಲಿ ಸಣ್ಣ ಅಕ್ಷರ. ಗುರಿಗಳು ಒಟ್ಟು ಒಂಬತ್ತು. ಏಳನೆಯದು ಹೀಗಿತ್ತು: ಪ್ರತಿಯೊಬ್ಬ ರೋಗಿಗೂ ಮನೆಗೆ ಹೋಗುವ ಮುನ್ನ ಅವನ ಕಾಯಿಲೆಯ ಬಗ್ಗೆಯೂ ಮುಂದಿನ ಆರೈಕೆಯ ಬಗ್ಗೆಯೂ ಅರ್ಥವಾಗುವಂತೆ ತಿಳಿಸಲಾಗುವುದು.

ಬಹಳ ಒಳ್ಳೆಯ ಮಾತು. ಈ ಏಳನೆಯ ಗುರಿಯಿಂದಾಗಿಯೇ ನಾವು ಅಲ್ಲಿ ಎರಡನೆಯ ಸಲ ಬಂದು ಕೂತಿದ್ದೆವು.

ನನ್ನ ಸೋದರತ್ತೆಯ ಮನೆ ಬಂಡ್ರಿಯಲ್ಲಿ. ಸಂಡೂರು ತಾಲ್ಲೂಕಿನ ಊರು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿ ಮಾಡಿಕೊಂಡು ವಿಜಯನಗರ ಜಿಲ್ಲೆ ಬೇರೆಯಾದಾಗ ನೆರೆಯ ಕೂಡ್ಲಿಗಿ ಆ ಕಡೆಗೆ ಹೋಯಿತು, ಸಂಡೂರು ಬಳ್ಳಾರಿಯಲ್ಲಿಯೇ ಉಳಿಯಿತು. ಜಿಲ್ಲೆ ಯಾವುದಾದರೇನು, ಕಾಯಿಲೆ ಬಂದರೆ ದಾರಿ ಹಳೆಯದೇ. ಸಣ್ಣ ಜ್ವರಕ್ಕೆ ಊರಿನಲ್ಲಿಯೇ ಔಷಧ. ಎರಡು ದಿನಕ್ಕೂ ಇಳಿಯದಿದ್ದರೆ ಸಂಡೂರು. ಇನ್ನೂ ದೊಡ್ಡದಾದರೆ ಹೊಸಪೇಟೆ. ತೀರ ಕೈಮೀರಿದರೆ ಬಳ್ಳಾರಿ. ಅಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ‘ಬಳ್ಳಾರಿಗೆ ಒಯ್ದರು’ ಎಂಬ ಮಾತಿಗೆ ಒಂದು ತೂಕ ಬಂತು.

ಆದರೆ ಹಿರಿಯರ ಬಾಯಲ್ಲಿ ಇದಲ್ಲದೆ ಇನ್ನೊಂದು ಪಟ್ಟಿ ಇತ್ತು. ‘ಗದಗಿನ ಜರ್ಮನ್ ಆಸ್ಪತ್ರೆ’, ‘ಮಿರಜ’. ಹೊಸಪೇಟೆಯಲ್ಲಿ ರೈಲು ಹತ್ತಿ ಕೊಪ್ಪಳ ದಾಟಿದರೆ ಗದಗು. ಅದರ ಜೋಡಿ ಊರು ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆ. ಬಾಸೆಲ್ ಪಟ್ಟಣ ಇರುವುದು ಸ್ವಿಟ್ಜರ್ಲೆಂಡಿನಲ್ಲಿ; ಬಂದ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರು; ಜನ ಅದನ್ನು ಜರ್ಮನ್ ಆಸ್ಪತ್ರೆ ಎಂದುಬಿಟ್ಟರು. ಜರ್ಮನರು ಹೋಗಿ ಎಷ್ಟೋ ಕಾಲವಾದರೂ ಹೆಸರು ಹೋಗಲಿಲ್ಲ. ಮಿರಜದ್ದು ಇನ್ನೂ ದೊಡ್ಡ ಹೆಸರು. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ಡಾಕ್ಟರು ಅಮೆರಿಕದ ಮಿಷನ್ನಿನ ಪರವಾಗಿ ಬಂದು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಬೆಳಗಾವಿ, ವಿಜಾಪುರದ ಕಡೆಯ ಕನ್ನಡ ಜನರಿಗೆ ಮಿರಜ ಎಂದರೆ ಮಹಾರಾಷ್ಟ್ರದ ಊರಲ್ಲ, ಕೊನೆಯ ಆಸೆ. ಮಿರಜದಿಂದ ವಾಪಸು ಬಂದವನನ್ನು ಊರಿನಲ್ಲಿ ಕಾಶಿಯಿಂದ ಬಂದವನಂತೆ ನೋಡುತ್ತಿದ್ದರಂತೆ.

ಈ ಪಟ್ಟಿಯಲ್ಲಿ ಮತದ ಮಾತು ಬರುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ. ‘ಅಲ್ಲಿ ಮುಟ್ಟಿ ನೋಡ್ತಾರೆ’ ಎನ್ನುತ್ತಿದ್ದರು. ಇಷ್ಟೇ ಶಿಫಾರಸು. ನಮ್ಮ ಅತ್ತೆ ಮಿಷನ್ ಆಸ್ಪತ್ರೆಗೆ ಹೋದಾಗಲೂ ಸೊಂಟದ ಚೀಲದಲ್ಲಿ ಸಂಡೂರಿನ ಕುಮಾರಸ್ವಾಮಿಯ ವಿಭೂತಿ ಇತ್ತು. ಬೆಳಿಗ್ಗೆ ಎದ್ದು ಏಸುವಿನ ಪಟದ ಕಡೆಗೆ ಮುಖ ಮಾಡಿಯೇ ಅದನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದಳು. ಯಾವ ಸಿಸ್ಟರೂ ಬೇಡ ಎನ್ನಲಿಲ್ಲ. ಒಬ್ಬಾಕೆ ಮಾತ್ರ, ಗಾಯಕ್ಕೆ ಹಚ್ಚಬೇಡಿ ಅಮ್ಮಾ, ಹಣೆಗೆ ಎಷ್ಟು ಬೇಕಾದರೂ ಹಚ್ಚಿ ಎಂದಿದ್ದರು.

ಗಾಯ ಎಂದೆನಲ್ಲ, ಅದರ ಕಥೆ ಹೇಳಬೇಕು. ಅತ್ತೆಗೆ ಸಕ್ಕರೆ ಕಾಯಿಲೆ. ಎಷ್ಟು ವರ್ಷದಿಂದ ಎಂದು ಯಾರಿಗೂ ತಿಳಿಯದು. ತಿಳಿದದ್ದು ಕಾಲಿನ ಹೆಬ್ಬೆರಳ ಕೆಳಗೆ ಹುಣ್ಣಾದಾಗ. ಮುಳ್ಳು ಚುಚ್ಚಿತ್ತೋ, ಕಲ್ಲು ತಾಗಿತ್ತೋ, ಆಕೆಗೆ ನೋವಾಗಲಿಲ್ಲ. ನೋವಾಗದಿದ್ದುದೇ ಕಾಯಿಲೆ. ಈ ರೋಗ ಹಳೆಯದಾದರೆ ಪಾದದ ನರಗಳು ಸತ್ತು ಜೋಮು ಹಿಡಿಯುತ್ತದೆ; ಬಿಸಿ ತಣ್ಣಗೆ ತಿಳಿಯುವುದಿಲ್ಲ, ಚುಚ್ಚಿದ್ದು ತಿಳಿಯುವುದಿಲ್ಲ. ಆಕೆಯ ಮಗ ಅದಿರಿನ ಲಾರಿ ಓಡಿಸುವವನು. ಒಂದು ವಾರ ರಜೆ ಹಾಕಿ ಆಸ್ಪತ್ರೆಗೆ ಸೇರಿಸಿದ. ನಾನು ಆಗ ಬೆಂಗಳೂರಿನಲ್ಲಿದ್ದೆ. ಡಾಕ್ಟರು ಒಳ್ಳೆಯವರು, ಕೈಗುಣದವರು. ಹುಣ್ಣು ಕೊಯ್ದು ತೊಳೆದು ಔಷಧ ಹಾಕಿ ಹತ್ತು ದಿನದಲ್ಲಿ ಕೆಂಪು ಮಾಂಸ ಬರುವಂತೆ ಮಾಡಿದರು. ಬಿಲ್ಲಿನಲ್ಲಿ ಅರ್ಧ ಬಿಟ್ಟರು. ಹೊರಡುವ ದಿನ ಕಿಟಕಿಯಲ್ಲಿದ್ದ ಹುಡುಗಿ ಒಂದು ಅಚ್ಚು ಹಾಕಿದ ಹಾಳೆ ಕೊಟ್ಟು, ಡಿಸ್ಚಾರ್ಜ್ ಚೀಟಿಯ ಮೇಲೆ ಒಂದು ಗುರುತು ಹಾಕಿ, ಮುಂದಿನವರನ್ನು ಕರೆದಳು. ಆ ಗುರುತಿನ ಅರ್ಥ: ‘ರೋಗಿಗೆ ತಿಳಿಸಲಾಗಿದೆ’.

ಹಾಳೆ ಚೆನ್ನಾಗಿತ್ತು. ನಾನು ಆಮೇಲೆ ಓದಿದೆ. ಬರಿಗಾಲಿನಲ್ಲಿ ನಡೆಯಬಾರದು, ಪಾದವನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು, ಎಲ್ಲವೂ ಇತ್ತು, ಪಾದದ ಒಂದು ಚಿತ್ರವೂ ಇತ್ತು. ಅತ್ತೆಗೆ ಅಕ್ಷರ ಬಾರದು. ಹಾಳೆ ನುಣುಪಾಗಿದ್ದುದರಿಂದ ಅದನ್ನು ಮಡಿಸಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದಳು. ಗಾಯ ಮಾದಿತೆಂದು ಹೊಲಕ್ಕೆ ಬರಿಗಾಲಿನಲ್ಲಿ ಹೋದಳು. ನಾಲ್ಕು ತಿಂಗಳಿಗೆ ಅದೇ ಪಾದದಲ್ಲಿ ಇನ್ನೊಂದು ಹುಣ್ಣು, ಈ ಸಲ ಎಲುಬಿನವರೆಗೆ.

ಈಗ ನೋಡಿ: ಹಲಗೆಯ ಏಳನೆಯ ಗುರಿ ಜಾರಿಗೆ ಬಂದಿರಲಿಲ್ಲ ಎನ್ನೋಣವೆ? ಬಂದಿತ್ತು. ಹಾಳೆ ಅಚ್ಚಾಗಿತ್ತು, ಕೈಗೆ ಕೊಟ್ಟಾಗಿತ್ತು, ಗುರುತು ಬಿದ್ದಿತ್ತು, ವರ್ಷದ ಕೊನೆಗೆ ಲೆಕ್ಕ ಮಾಡಿದರೆ ನೂರಕ್ಕೆ ನೂರು ಎಂದು ಬರುತ್ತಿತ್ತು. ಆದರೂ ಆ ಮಾತು ಬಂಡ್ರಿಯನ್ನು ತಲುಪಲಿಲ್ಲ.

ಸ್ಟ್ರಾಟಜಿ ಎಂಬ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಹಿಂದೆ ಅದು ದಂಡನಾಯಕರ ಮಾತಾಗಿತ್ತು. ಅಲ್ಲಿಂದ ವ್ಯಾಪಾರಕ್ಕೆ ಬಂತು, ವ್ಯಾಪಾರದಿಂದ ಆಸ್ಪತ್ರೆಗೆ. ಕನ್ನಡದಲ್ಲಿ ಕಾರ್ಯತಂತ್ರ ಎನ್ನುತ್ತಾರೆ. ಅದನ್ನು ರೂಪಿಸುವವರು ಮೇಲಿನ ಕೋಣೆಯಲ್ಲಿ ಕೂತವರು. ಜಾರಿ ಮಾಡುವವರು ಕೆಳಗೆ ಕಿಟಕಿಯಲ್ಲಿ ಕೂತವರು. ಅಮೆರಿಕದ ಮೈಕೆಲ್ ಲಿಪ್‌ಸ್ಕಿ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಒಂದು ಪುಸ್ತಕದ ತಿರುಳೇ ಇದು: ಸರ್ಕಾರದ ನೀತಿ ನಿಜವಾಗಿ ಏನು ಎಂಬುದು ನಿರ್ಧಾರವಾಗುವುದು ರಾಜಧಾನಿಯಲ್ಲಲ್ಲ, ಜನರನ್ನು ಮುಖಾಮುಖಿ ಕಾಣುವ ಗುಮಾಸ್ತ, ಮೇಷ್ಟ್ರು, ಪೊಲೀಸಿನವರ ಕೈಯಲ್ಲಿ. ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿರಲಿಲ್ಲ, ನಮ್ಮ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಒಂದು ದಿನ ಕೂತರೆ ಸಾಕಿತ್ತು ಎನ್ನುವವರು ಇದ್ದಾರೆ. ಇರಲಿ, ಹೇಳಿದವರಿಗೆ ಶ್ರೇಯಸ್ಸು ಸಲ್ಲಬೇಕು.

ನಂಬಿಕೆಯ ಹೆಸರಿನಲ್ಲಿ ನಡೆಯುವ ಆಸ್ಪತ್ರೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ನಮ್ಮ ನಾಡಿನಲ್ಲಿ ಇಂಥವು ಬೇಕಾದಷ್ಟಿವೆ. ಬೆಂಗಳೂರಿನ ಸೇಂಟ್ ಮಾರ್ತಾಸ್ 1886ರದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಮೈಸೂರಿನವರಿಗೆ ಅದು ಬರಿಯ ‘ಮಿಷನ್ ಆಸ್ಪತ್ರೆ’. ಸುತ್ತೂರು ಮಠದವರದಿದೆ, ಆದಿಚುಂಚನಗಿರಿಯವರದಿದೆ, ಧರ್ಮಸ್ಥಳದವರದಿದೆ, ಕಲಬುರಗಿಯ ಬಂದಾನವಾಜ್ ದರ್ಗಾದ ಹೆಸರಿನದಿದೆ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ತೆರೆದ ಸತ್ಯ ಸಾಯಿ ಆಸ್ಪತ್ರೆಯಲ್ಲಿ ಬಿಲ್ಲಿನ ಕಿಟಕಿಯೇ ಇಲ್ಲ. ಚೀಟಿಯ ಕಿಟಕಿ ಎಲ್ಲ ಕಡೆಯೂ ಇದ್ದೇ ಇರುತ್ತದೆ.

ಇವುಗಳನ್ನು ಕಟ್ಟಿದವರ ಕಥೆಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಂಗಳೂರಿನ ಕಂಕನಾಡಿಯನ್ನೇ ತೆಗೆದುಕೊಳ್ಳಿ. ಆಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿ 1880ರಲ್ಲಿ ಅಲ್ಲಿ ಒಂದು ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡಲು ಕೂತರು. ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೊಂದು ಆಸ್ಪತ್ರೆ. ಹಣ ಎಲ್ಲಿಂದ? ಅದೇ ಗುಳಿಗೆಗಳನ್ನು ಕೊಳ್ಳಬಲ್ಲವರಿಗೆ ಮಾರಿ. ಕೊಳ್ಳುವವನ ಕಾಸಿನಿಂದ ಕೊಳ್ಳಲಾರದವನಿಗೆ ಔಷಧ. ಈಗಿನವರು ಇದಕ್ಕೆ ಒಂದು ಇಂಗ್ಲಿಷ್ ಹೆಸರು ಕೊಟ್ಟು ಎರಡು ದಿನದ ಶಿಬಿರ ಮಾಡುತ್ತಾರೆ. ಮುಲ್ಲರರು ತೀರಿಕೊಂಡದ್ದು 1910ರಲ್ಲಿ. ಆ ಮೂವತ್ತು ವರ್ಷ ಅವರ ಯೋಜನೆಯನ್ನು ಬರೆದ ಕೈ, ಗುಳಿಗೆಯನ್ನು ಎಣಿಸಿ ಕೊಟ್ಟ ಕೈ, ಎರಡೂ ಒಂದೇ. ಎಲ್ಲಿ ಕೆಡುತ್ತಿದೆ ಎಂಬುದು ಸಂಜೆಯೊಳಗೆ ಅವರಿಗೇ ತಿಳಿಯುತ್ತಿತ್ತು. ಅವರ ಹೆಸರಿನ ಸಂಸ್ಥೆಗೆ 1999ರಲ್ಲಿ ವೈದ್ಯಕೀಯ ಕಾಲೇಜು ಬಂತು. ಅಷ್ಟು ದೊಡ್ಡದಾದ ಮೇಲೆ ಬರೆಯುವ ಕೈ ಒಬ್ಬರದು, ಎಣಿಸುವ ಕೈ ಇನ್ನೊಬ್ಬರದು. ಅದು ಯಾವ ಸಂಸ್ಥೆಗೂ ತಪ್ಪಿದ್ದಲ್ಲ.

ಬೆಳೆದದ್ದಷ್ಟೇ ಅಲ್ಲ, ಬಡತನವೂ ಬಂತು. ಹೊರದೇಶದಿಂದ ಬರುತ್ತಿದ್ದ ಡಾಕ್ಟರುಗಳೂ ಹಣವೂ ಸ್ವಾತಂತ್ರ್ಯದ ಮುಂದಿನ ದಶಕಗಳಲ್ಲಿ ಕಡಿಮೆಯಾಗುತ್ತಾ ಬಂದವು. ಹೊಸ ಯಂತ್ರಗಳ ಬೆಲೆ ಏರಿತು, ಪಕ್ಕದಲ್ಲಿ ನರ್ಸಿಂಗ್ ಹೋಮುಗಳು ಎದ್ದವು. ಭಕ್ತಿಯಿಂದ ಕರೆಂಟು ಬಿಲ್ಲು ಕಟ್ಟಲಾಗುವುದಿಲ್ಲ. ದೇಶದಲ್ಲಿ ಎಷ್ಟೋ ಮಿಷನ್ ಆಸ್ಪತ್ರೆಗಳು ಬಾಗಿಲು ಹಾಕಿದವು. ಉಳಿದವು ಲೆಕ್ಕ ಬಲ್ಲವರನ್ನು, ಆಡಳಿತ ಓದಿದವರನ್ನು ಕರೆದವು; ಹಲಗೆ, ಗುರಿ, ರಿಜಿಸ್ಟರು ಬಂದದ್ದು ಹಾಗೆ. ಇದನ್ನು ಆಡಿಕೊಳ್ಳುವವರ ಜೊತೆಗೆ ನಾನು ಸೇರುವುದಿಲ್ಲ. ‘ದೇವರ ಕೆಲಸಕ್ಕೆ ಲೆಕ್ಕವೇಕೆ’ ಎಂದವರ ಆಸ್ಪತ್ರೆಗಳೇ ಮೊದಲು ಮುಚ್ಚಿದವು ಎಂದು ನನ್ನ ಗುಮಾನಿ. ಸೇವಾಭಾವವಿದೆ ಎಂಬ ಧೈರ್ಯದಲ್ಲಿ ರೋಗಿಯನ್ನು ಮೂರು ಗಂಟೆ ಬಿಸಿಲಿನಲ್ಲಿ ನಿಲ್ಲಿಸುವುದು, ಕೇಳಿದರೆ ‘ಪುಕ್ಕಟೆ ನೋಡ್ತಿದೀವಲ್ಲ’ ಎನ್ನುವುದು, ಇದನ್ನೂ ನಾನು ಕಂಡಿದ್ದೇನೆ.

ಹಾಗಾದರೆ ಹಲಗೆಯಿಂದ ಕಿಟಕಿಗೆ ದಾರಿ ಹೇಗೆ? ನನಗೆ ತಿಳಿದ ಮಟ್ಟಿಗೆ ಈ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಹಾಕಿದವರು ಮಧುರೆಯ ಗೋವಿಂದಪ್ಪ ವೆಂಕಟಸ್ವಾಮಿಯವರು. ಸರ್ಕಾರಿ ಕೆಲಸದಿಂದ ಐವತ್ತೆಂಟಕ್ಕೆ ನಿವೃತ್ತರಾಗಿ 1976ರಲ್ಲಿ ಬಾಡಿಗೆ ಮನೆಯಲ್ಲಿ ಹನ್ನೊಂದು ಮಂಚ ಹಾಕಿ ಕಣ್ಣಿನ ಆಸ್ಪತ್ರೆ ತೆರೆದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಲ್ಲಿಯೇ ಸಾವಿರಾರು ಕಣ್ಣು ಕೊಯ್ದರು. ಅರವಿಂದರ ಅನುಯಾಯಿ, ಆಸ್ಪತ್ರೆಗೆ ಇಟ್ಟದ್ದೂ ಅದೇ ಹೆಸರು. ಧ್ಯಾನ ಮಾಡುತ್ತಿದ್ದ ಈ ಮನುಷ್ಯ ಮೆಚ್ಚಿಕೊಂಡದ್ದು ಯಾವುದನ್ನು ಎಂದರೆ ಓದುಗರು ನಗಬಹುದು: ಅಮೆರಿಕದ ಮೆಕ್‌ಡೊನಾಲ್ಡ್ ಎಂಬ ತಿಂಡಿಯ ಅಂಗಡಿಯನ್ನು! ಊರು ಊರಿನಲ್ಲಿಯೂ ಒಂದೇ ರುಚಿ, ಒಂದೇ ಅಚ್ಚುಕಟ್ಟು ಹೇಗೆ ಬರುತ್ತದೆ, ಕಣ್ಣಿನ ಆಪರೇಷನ್ನಿಗೂ ಅದು ಏಕೆ ಬರಬಾರದು ಎಂದು ಯೋಚಿಸಿದರು. ಒಬ್ಬ ಡಾಕ್ಟರಿಗೆ ಎರಡು ಮೇಜು. ಒಂದರ ಮೇಲೆ ಆಪರೇಷನ್ ನಡೆಯುವಾಗ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧ. ಡಾಕ್ಟರು ತಿರುಗಿ ಕೂತರಾಯಿತು. ಕೊಡಬಲ್ಲವರು ಕೊಟ್ಟದ್ದರಿಂದ ಉಳಿದವರಿಗೆ ಪುಕ್ಕಟೆ ಅಥವಾ ಅಲ್ಪ ಬೆಲೆ. ಕಣ್ಣಿಗೆ ಹಾಕುವ ಕೃತಕ ಮಸೂರದ ಬೆಲೆ ಹೆಚ್ಚೆಂದು 1992ರಲ್ಲಿ ತಾವೇ ಅದರ ಕಾರ್ಖಾನೆ ಹಾಕಿದರು.

ಮೇಜಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಹುಡುಗಿಯರು. ಹಳ್ಳಿಗಳಿಂದ ಶಾಲೆ ಮುಗಿಸಿದ ಹುಡುಗಿಯರನ್ನು ಆರಿಸಿ ಎರಡು ವರ್ಷ ತರಬೇತಿ ಕೊಡುತ್ತಾರೆ. ಕಣ್ಣಿನ ಅಳತೆ ನೋಡುವುದು, ಆಪರೇಷನ್ನಿಗೆ ಸಿದ್ಧ ಮಾಡುವುದು, ರೋಗಿಗೆ ಬಿಡಿಸಿ ಹೇಳುವುದು, ಡಾಕ್ಟರಲ್ಲದವರು ಮಾಡಬಹುದಾದ ಎಲ್ಲವೂ ಅವರ ಕೈಯಲ್ಲಿ. ಕಿಟಕಿಯಲ್ಲಿ ಕೂತವಳೂ ಬಂದ ಮುದುಕಿಯೂ ಒಂದೇ ಬಗೆಯ ಊರಿನವರು. ‘ಅರ್ಥವಾಗುವಂತೆ ತಿಳಿಸಲಾಗುವುದು’ ಎಂದು ಅಲ್ಲಿ ಬೇರೆ ಹಲಗೆ ಬೇಕಾಗಿಲ್ಲ. ಮೇಲಿನ ಕೋಣೆಯ ಯೋಜನೆಯನ್ನು ಕೆಳಗಿನ ಕಿಟಕಿಗೆ ಇಳಿಸುವ ಕಷ್ಟವನ್ನು ವೆಂಕಟಸ್ವಾಮಿಯವರು ಅರ್ಧ ತಪ್ಪಿಸಿಕೊಂಡರು. ಯೋಜನೆಯನ್ನು ಆ ಹುಡುಗಿಯರ ಕೈಯಿಂದಲೇ ಕಟ್ಟಿದರು.

ಆಸ್ಪತ್ರೆಗಳ ಗುಣವನ್ನು ಅಳೆಯುವುದು ಹೇಗೆಂದು ಜಗತ್ತಿಗೆ ಹೇಳಿಕೊಟ್ಟವರು ಅವೆಡಿಸ್ ಡೊನಬೇಡಿಯನ್. ಬೈರೂತಿನಲ್ಲಿ ಹುಟ್ಟಿದ ಅರ್ಮೇನಿಯನ್, ಅಮೆರಿಕದಲ್ಲಿ ಪ್ರೊಫೆಸರಾಗಿದ್ದರು. 1966ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಮೂರು ಕಡೆ ನೋಡಿ ಎಂದರು: ಆಸ್ಪತ್ರೆಯಲ್ಲಿ ಏನೇನಿದೆ, ಅಲ್ಲಿ ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು. ನಮ್ಮ ಅತ್ತೆಯ ವಿಷಯದಲ್ಲಿ ಮೊದಲನೆಯದು ಇತ್ತು, ಎರಡನೆಯದಕ್ಕೆ ಗುರುತು ಬಿದ್ದಿತ್ತು, ಮೂರನೆಯದು ಉಪ್ಪಿನಕಾಯಿ ಭರಣಿಯ ಬಾಯಲ್ಲಿತ್ತು. 2000ದಲ್ಲಿ ತೀರಿಕೊಳ್ಳುವ ಮುನ್ನ, ತಾವೇ ಕಾಯಿಲೆಯಿಂದ ಮಲಗಿದ್ದಾಗ, ಡೊನಬೇಡಿಯನ್ ಒಬ್ಬರ ಮುಂದೆ ಒಂದು ಮಾತು ಹೇಳಿದರು. ಎಲ್ಲ ಅಳತೆಗಳ ಹಿಂದೆ ಇರಬೇಕಾದದ್ದು ಪ್ರೀತಿ. ಅದಿದ್ದರೆ ಅಲ್ಲಿಂದ ಹಿಂದಕ್ಕೆ ಬಂದು ವ್ಯವಸ್ಥೆಯನ್ನು ತಿದ್ದಬಹುದು ಎಂಬುದು ಅದರ ಭಾವ. ಜೀವಮಾನವೆಲ್ಲ ಅಳೆದವರು ಹೇಳಿದ್ದರಿಂದ ಅದಕ್ಕೆ ಬೆಲೆ. ಅಳೆಯದವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಎರಡನೆಯ ಸಲಕ್ಕೆ ಬರುತ್ತೇನೆ. ಬೆಂಗಳೂರಿನಿಂದ ನಾನು ಹೋದೆ. ಬೆರಳು ಉಳಿಯುವುದಿಲ್ಲ, ಪಾದ ಉಳಿಸಲು ನೋಡುತ್ತೇವೆ ಎಂದರು ಡಾಕ್ಟರು. ಹೆಬ್ಬೆರಳು ಹೋಯಿತು. ಅತ್ತೆ ಅತ್ತದ್ದು ಒಂದೇ ಸಲ, ಅದೂ ಕಾಲುಂಗುರದ ಮಾತು ಬಂದಾಗ. ಆಮೇಲೆ ನನ್ನನ್ನೇ ಗೇಲಿ ಮಾಡಲು ಶುರು ಮಾಡಿದಳು. “ಏನಪ್ಪಾ, ಬೆಂಗಳೂರಿನಿಂದ ಗೋಡೆ ಓದಾಕೆ ಬಂದೀಯೇನು? ಏನ್ ಬರೆದಾರೆ ನನಗೂ ಹೇಳು.” ಏಳನೆಯ ಗುರಿಯನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರಿಗೆ ಹೇಳ್ಯಾರಂತೆ?” ಎಂದಳು.

ರಾತ್ರಿಯ ಪಾಳಿಯಲ್ಲಿ ಒಬ್ಬ ಸಿಸ್ಟರು ಇದ್ದರು. ಕೇರಳದವರು, ಐವತ್ತರ ಮೇಲಿನ ವಯಸ್ಸು, ಪುಸ್ತಕದಿಂದ ಕಲಿತ ಕನ್ನಡ. ವಿಭೂತಿಯ ಮಾತು ಆಡಿದ್ದು ಇವರೇ. ಏಳನೆಯ ರಾತ್ರಿ, ವಾರ್ಡು ಮಲಗಿದ ಮೇಲೆ, ಒಂದು ಅಂಗೈಯಗಲದ ಕನ್ನಡಿ ಹಿಡಿದುಕೊಂಡು ಬಂದು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕೂತರು. ಕನ್ನಡಿಯನ್ನು ನೆಲದ ಮೇಲೆ ಮಲಗಿಸಿ, ಅತ್ತೆಯ ಇನ್ನೊಂದು ಪಾದವನ್ನು, ನೆಟ್ಟಗಿದ್ದುದನ್ನು, ಅದರ ಮೇಲೆ ಎತ್ತಿ ಹಿಡಿದರು.

“ಅಮ್ಮಾ, ನಿಮ್ಮ ಕಾಲು ನಿಮಗೆ ಸುದ್ದಿ ಕಳಿಸುವುದನ್ನು ನಿಲ್ಲಿಸಿದೆ. ಮುಳ್ಳು ಬಂದರೂ ಹೇಳುವುದಿಲ್ಲ, ಬೆಂಕಿ ಬಂದರೂ ಹೇಳುವುದಿಲ್ಲ. ಇನ್ನು ಮೇಲೆ ನೀವೇ ಹೋಗಿ ನೋಡಿ ಬರಬೇಕು. ದೀಪ ಹಚ್ಚುವ ಹೊತ್ತಿಗೆ ಕನ್ನಡಿ ಇಡಿ. ಕೆಂಪಗೆ ಕಂಡರೆ, ಬಿರುಕು ಕಂಡರೆ, ನೀರು ಕಂಡರೆ, ಮಗನಿಗೆ ಹೇಳಿ, ಮರುದಿನವೇ ಬನ್ನಿ.”

ಅತ್ತೆ ತನ್ನ ಅಂಗಾಲನ್ನು ನೋಡಿಕೊಂಡದ್ದು ಅದೇ ಮೊದಲೇನೋ. ಬಹಳ ಹೊತ್ತು ನೋಡಿದಳು. “ಎಷ್ಟು ಊರು ತಿರುಗೈತಿದು” ಎಂದಳು.

ಸಿಸ್ಟರು ಹೇಳಿದ್ದನ್ನು ಆಕೆಯ ಬಾಯಿಂದಲೇ ತಿರುಗಿ ಹೇಳಿಸಿದರು, ಎರಡು ಸಲ. ಮರುದಿನ ರಾತ್ರಿ ಬಂದು ಇನ್ನೊಮ್ಮೆ ಕೇಳಿದರು. ಒಟ್ಟು ಹಿಡಿದದ್ದು ಹತ್ತು ನಿಮಿಷ ಇರಬಹುದು. ಯಾವ ರಿಜಿಸ್ಟರಿನಲ್ಲಿಯೂ ಗುರುತು ಬೀಳಲಿಲ್ಲ.

ಬಿಲ್ಲು ಕಟ್ಟಲು ಹೋದಾಗ ಆಸ್ಪತ್ರೆಯ ಮುಖ್ಯಸ್ಥೆಯಾದ ಸಿಸ್ಟರನ್ನು ಕಂಡೆ. ಹಾಳೆಯ ಕಥೆ, ಕನ್ನಡಿಯ ಕಥೆ ಎರಡನ್ನೂ ಹೇಳಿದೆ. ಅವರು ಬೇಸರಪಡಲಿಲ್ಲ. ಕುರ್ಚಿ ತೋರಿಸಿ ಕೂರಿಸಿದರು. ಆ ವರ್ಷ ಎಷ್ಟು ಮಂದಿ ನರ್ಸುಗಳು ಕೆಲಸ ಬಿಟ್ಟು ಹೊರದೇಶಕ್ಕೆ ಹೋದರು, ಒಬ್ಬ ನರ್ಸು ಎಷ್ಟು ಮಂಚ ನೋಡಬೇಕಾಗಿದೆ, ವಿಮೆಯ ಹಣ ಎಷ್ಟು ತಿಂಗಳಿನಿಂದ ಬಾಕಿ ಇದೆ, ಮಾನ್ಯತೆ ಕೊಡಲು ಬರುವವರು ಮೊದಲು ಕೇಳುವುದೇ ರಿಜಿಸ್ಟರನ್ನು ಎಂದು ಹೇಳಿದರು. ಒಂದೂ ಸುಳ್ಳಲ್ಲ. ನಮ್ಮಲ್ಲಿ ತಯಾರಾದ ನರ್ಸುಗಳನ್ನು ಈಗ ಜರ್ಮನಿ ಕರೆದು ಕೆಲಸ ಕೊಡುತ್ತಿದೆ. ಬೆಟಗೇರಿಗೆ ಬಂದ ಜರ್ಮನರ ಸಾಲ ಹೀಗೆ ತೀರುತ್ತಿದೆಯೋ ಏನೋ.

“ಆ ಕನ್ನಡಿಯ ಸಿಸ್ಟರನ್ನು ಕೇಳಿ ನಿಮ್ಮ ಯೋಜನೆಯಲ್ಲಿ ಅದನ್ನು ಸೇರಿಸಬಹುದಲ್ಲ” ಎಂದೆ.

“ಸೇರಿಸುತ್ತೇನೆ” ಎಂದು ಬರೆದುಕೊಂಡರು. ಆಮೇಲೆ ನಿಧಾನವಾಗಿ, “ಅವರಿಗೆ ಮುಂದಿನ ತಿಂಗಳು ವರ್ಗ. ಜಾರ್ಖಂಡಿನ ಕಡೆಗೆ” ಎಂದರು.

ಇದು ನನಗೆ ಹೊಸದು. ಕನ್ಯಾಸ್ತ್ರೀಯರನ್ನು ಅವರ ಸಂಘ ಕೆಲವು ವರ್ಷಕ್ಕೊಮ್ಮೆ ಒಂದು ಮನೆಯಿಂದ ಇನ್ನೊಂದಕ್ಕೆ ಕಳಿಸುತ್ತದೆ. ವಿಧೇಯತೆ ಅವರ ವ್ರತಗಳಲ್ಲಿ ಒಂದು. ಹೋಗು ಎಂದರೆ ಹೋಗಬೇಕು. ಒಂದು ಊರಿಗೆ, ಒಂದು ಕುರ್ಚಿಗೆ ಅಂಟಿಕೊಳ್ಳಬಾರದು ಎಂಬುದು ಅದರ ಉದ್ದೇಶ. ಜೀವಕ್ಕೆ ಒಳ್ಳೆಯದೇ ಇರಬೇಕು. ಆಸ್ಪತ್ರೆಗೆ ಮಾತ್ರ ಅದು ಕಷ್ಟದ ಲೆಕ್ಕ. ಕಾಗದದಲ್ಲಿ ಬರೆದದ್ದು ಇಲ್ಲಿಯೇ ಉಳಿಯುತ್ತದೆ. ಬರೆಯದೆ ಕೈಯಲ್ಲಿದ್ದದ್ದು ರೈಲು ಹತ್ತಿ ಹೋಗುತ್ತದೆ. ಜಾರ್ಖಂಡಿನಲ್ಲಿ ಯಾರದೋ ಅಂಗಾಲಿಗೆ ಪುಣ್ಯ ಬಂತು ಎಂದುಕೊಂಡು ನಾನು ಎದ್ದೆ. ಹೊರಗೆ ಕಾರಿಡಾರಿನಲ್ಲಿ ಆ ಸಿಸ್ಟರು ಒಬ್ಬ ಮುದುಕನ ಜೊತೆಗೆ ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಅವನು ಚಪ್ಪಲಿ ಹಾಕಲು ಒಪ್ಪುತ್ತಿರಲಿಲ್ಲ.

ಬಂಡ್ರಿಯಲ್ಲಿ ಅತ್ತೆಯ ಮನೆಯ ದೇವರ ಗೂಡಿನ ಪಕ್ಕ ಈಗ ಒಂದು ಕನ್ನಡಿ ಇದೆ. ಜಾತ್ರೆಯಲ್ಲಿ ಕೊಂಡದ್ದು, ಪ್ಲಾಸ್ಟಿಕ್ಕಿನ ಹಸಿರು ಅಂಚು. ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಕನ್ನಡಿಯನ್ನು ನೆಲಕ್ಕೆ ಮಲಗಿಸಿ ಎರಡೂ ಪಾದ ನೋಡಿಕೊಳ್ಳುತ್ತಾಳೆ. ಮೊದಲು ಮೊಮ್ಮಕ್ಕಳು ನಕ್ಕರು. ಆಮೇಲೆ ಪಕ್ಕದ ಮನೆಯಾಕೆ ಬಂದು, “ಯವ್ವಾ, ನಂದೂ ಒಂದೀಟು ನೋಡು” ಎಂದು ಕಾಲು ಚಾಚಿದಳು. ಆಕೆಗೂ ಸಕ್ಕರೆ. ಹಾಗೆ ಓಣಿಯಲ್ಲಿ ನಾಲ್ಕಾರು ಜನ ಸೇರುತ್ತಾರೆ. ಅತ್ತೆ ಒಂದು ಬಗೆಯ ಡಾಕ್ಟರಾಗಿದ್ದಾಳೆ.

ಆರು ತಿಂಗಳ ಮೇಲೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಮುಖ್ಯಸ್ಥೆ ಮಾತು ಉಳಿಸಿಕೊಂಡಿದ್ದರು. ಚೀಟಿಯ ಮೇಲೆ ಹೊಸದಾಗಿ ಒಂದು ಸಾಲು ಅಚ್ಚಾಗಿತ್ತು: ‘ಕನ್ನಡಿಯಿಂದ ಪಾದ ಪರೀಕ್ಷೆ: ತಿಳಿಸಲಾಗಿದೆ’. ಎದುರಿಗೆ ಒಂದು ಸಣ್ಣ ಚೌಕ. ಕಿಟಕಿಯಲ್ಲಿ ಹೊಸ ಹುಡುಗಿ, ಇಪ್ಪತ್ತು ವರ್ಷ ಇರಬಹುದು, ಅವಳ ಹಿಂದೆ ಮೂವತ್ತು ಜನರ ಸಾಲು. ಅವಳು ತಲೆ ಎತ್ತದೆ ಹೆಸರು ಕೇಳಿದಳು, ಊರು 

ಕೇಳಿದಳು, ಮೇಲಿನಿಂದ ಕೆಳಗಿನವರೆಗೆ ಐದು ಚೌಕಗಳಲ್ಲಿ ಸರಸರನೆ ಗುರುತು ಹಾಕಿದಳು. ಕೊನೆಯದು ಕನ್ನಡಿಯದು.

ಅತ್ತೆಗೆ ಅಕ್ಷರ ಬಾರದಿದ್ದರೂ ಗುರುತು ಯಾವುದೆಂದು ತಿಳಿದಿತ್ತು. “ಏ ತಂಗೀ, ನೋಡದಾಂಗೆ ಹಾಕಿದೆಯಲ್ಲ” ಎಂದು, ಕಿಟಕಿಯ ಪಕ್ಕದ ಬಾಗಿಲಿನಿಂದ ಒಳಗೇ ಹೋಗಿ, ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಪಟ್ಟೆ ಚಪ್ಪಲಿ ಬಿಚ್ಚಿ ನಾಲ್ಕು ಬೆರಳಿನ ಕಾಲನ್ನು ಮುಂದಕ್ಕೆ ಚಾಚಿದಳು. ಸಾಲಿನಲ್ಲಿ ನಿಂತವರು ಗೊಣಗಿದರು. ಹುಡುಗಿ ಒಂದು ಕ್ಷಣ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಆಮೇಲೆ ಪೆನ್ನು ಕೆಳಗಿಟ್ಟು, ಕುರ್ಚಿ ಹಿಂದಕ್ಕೆ ತಳ್ಳಿ, ಬಗ್ಗಿ ಪಾದವನ್ನು ಕೈಯಲ್ಲಿ ಹಿಡಿದುಕೊಂಡಳು.